ಮಣ್ಣು ನೋಡಿ ಮದ್ದು: ವಿಷ ಸೇರಿದ ಪೇಟೆ ಜಾಗವನ್ನು ಊರಿನ ಬಳಕೆಗೆ ತರುವ ದಾರಿಗಳ ಹೋಲಿಕೆ

ಮುಚ್ಚಿದ ಗ್ಯಾರೇಜು, ಹಳೇ ಪೆಟ್ರೋಲ್ ಬಂಕು, ನೂಲಿಗೆ ಬಣ್ಣ ಹಾಕುತ್ತಿದ್ದ ಶೆಡ್ಡು, ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಕಾರ್ಖಾನೆಯ ಹಿತ್ತಲು, ಕೀಟನಾಶಕ ತುಂಬಿಟ್ಟಿದ್ದ ಗೋದಾಮು. ಒಂದು ಕಾಲಕ್ಕೆ ಊರಾಚೆ ಇದ್ದ ಇವೆಲ್ಲ ಈಗ ಪೇಟೆಯ ನಡುವೆ ಬಂದಿವೆ. ಅಂಗನವಾಡಿಗೋ ಆಟದ ಬಯಲಿಗೋ ಸಂತೆಗೋ ಜಾಗ ಹುಡುಕಿದರೆ ಕೊನೆಗೆ ಸಿಗುವುದೂ ಇವೇ. ಆಗ ಒಬ್ಬ ಗುತ್ತಿಗೆದಾರರು “ಎರಡಡಿ ಮಣ್ಣು ತೆಗೆದು ಹೊಸದು ಹಾಕಿದರೆ ಆಯಿತು” ಎನ್ನುತ್ತಾರೆ. ಇನ್ನೊಬ್ಬರು “ಗಿಡ ನೆಡಿ, ವಿಷ ಹೀರಿಕೊಳ್ಳುತ್ತದೆ” ಎನ್ನುತ್ತಾರೆ. ಎರಡೂ ಕೆಲವು ಕಡೆ ನಿಜ, ಹಲವು ಕಡೆ ದುಡ್ಡು ದಂಡ. ಒಂದೇ ವಿಷ ಕಾಸರಗೋಡಿನ ಮುರಕಲ್ಲಿನಲ್ಲಿ (ಜಂಬಿಟ್ಟಿಗೆಯಲ್ಲಿ) ಒಂದು ರೀತಿ, ಸೊಲ್ಲಾಪುರದ ಎರೆಮಣ್ಣಿನಲ್ಲಿ ಇನ್ನೊಂದು ರೀತಿ, ಹೊಸೂರಿನ ಕೆಂಪು ಮರಳುಮಣ್ಣಿನಲ್ಲಿ ಮತ್ತೊಂದು ರೀತಿ ವರ್ತಿಸುತ್ತದೆ. ದಾರಿ ಆರಿಸುವಾಗ ಹೆಚ್ಚಿನವರು ಎಡವುವುದು ಇಲ್ಲೇ.

ಆರಿಸುವ ಮೊದಲು: ಮಾದರಿ ತೆಗೆಯುವುದು

ಜಾಗದ ಹಳೇ ಬಳಕೆ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಗ್ಯಾರೇಜಾದರೆ ಡೀಸೆಲ್, ಎಂಜಿನ್ ಆಯಿಲ್, ಬ್ಯಾಟರಿಯ ಸೀಸ. ಪ್ಲೇಟಿಂಗ್ ಆದರೆ ಕ್ರೋಮಿಯಂ, ನಿಕಲ್, ಸಯನೈಡ್. ಹಳೇ ಗಿರಣಿಯಾದರೆ ಬಾಯ್ಲರಿನ ಎಣ್ಣೆ, ಬೂದಿ, ಒಡೆದ ಆಸ್ಬೆಸ್ಟಾಸ್ ಶೀಟಿನ ಚೂರುಗಳು. ಆ ಶೀಟುಗಳನ್ನು ನೀರು ಚಿಮುಕಿಸಿ ಇಡಿಯಾಗಿಯೇ ಇಳಿಸಬೇಕು. ಜೆಸಿಬಿಯಿಂದ ಕೆಡವಿಬಿಟ್ಟರೆ ನಾರು ಮಣ್ಣಿಗೆ ಸೇರಿ, ಅಲ್ಲಿಯವರೆಗೆ ಇಲ್ಲದಿದ್ದ ಹೊಸ ಸಮಸ್ಯೆಯೊಂದು ಹುಟ್ಟುತ್ತದೆ.

ಜಾಗವನ್ನು 10 ಮೀಟರ್ ಚೌಕಗಳಾಗಿ ಗುರುತಿಸಿ, ಪ್ರತಿ ಚೌಕದಲ್ಲಿ 0–15, 15–50, 50–100 ಸೆಂ.ಮೀ. ಆಳಗಳಿಂದ ಬೇರೆಬೇರೆ ಮಾದರಿ ತೆಗೆಯಿರಿ. ಖರ್ಚು ಉಳಿಸಲು ಎಲ್ಲವನ್ನೂ ಬೆರೆಸಿ ಒಂದೇ ಮಾದರಿ ಕಳಿಸುವವರಿದ್ದಾರೆ. ಹತ್ತು ಚೌಕಗಳಲ್ಲಿ ಒಂದರಲ್ಲಷ್ಟೇ ಕಿಲೋಗೆ 2,000 ಮಿ.ಗ್ರಾಂ ಸೀಸವಿದ್ದು ಉಳಿದವುಗಳಲ್ಲಿ 30 ಇದ್ದರೆ, ಬೆರೆಸಿದ ಮಾದರಿ 227 ತೋರಿಸುತ್ತದೆ. ಇಡೀ ಜಾಗ ಸ್ವಲ್ಪ ಕೆಟ್ಟಿದೆ ಎಂದುಕೊಂಡು ಇಡೀ ಜಾಗ ಅಗೆಯುತ್ತೀರಿ, ಇಲ್ಲವೇ ಪರವಾಗಿಲ್ಲ ಎಂದು ಬಿಟ್ಟುಬಿಡುತ್ತೀರಿ. ಎರಡೂ ತಪ್ಪು.

ಎಣ್ಣೆ, ಪೆಟ್ರೋಲಿನ ಮಾದರಿ ಗಾಜಿನ ಬಾಟಲಿಯಲ್ಲಿ ಬಾಯಿಯವರೆಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿ ಹೋಗಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಿದರೆ ಪೆಟ್ರೋಲು ದಾರಿಯಲ್ಲೇ ಆರಿಹೋಗಿ ವರದಿ ಚೆನ್ನಾಗಿ ಬರುತ್ತದೆ! ಲೋಹಗಳಿಗೆ ಚೀಲ ಸಾಕು. ಎಕ್ಸ್‌ರೇ ಹಾಯಿಸಿ ಲೋಹ ಅಳೆಯುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಬಾಡಿಗೆಗೆ ಸಿಕ್ಕರೆ ಒಂದೇ ದಿನದಲ್ಲಿ ಸೀಸ, ತಾಮ್ರ, ಸತುವಿನ ನಕ್ಷೆ ಸಿದ್ಧವಾಗುತ್ತದೆ. ಮಣ್ಣು ಒದ್ದೆಯಿದ್ದರೆ ಅದು ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ. ಕೊನೆಯ ತೀರ್ಮಾನಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದ ವರದಿಯೇ ಬೇಕು. ಕ್ರೋಮಿಯಂ ಇದ್ದರೆ “ಒಟ್ಟು ಕ್ರೋಮಿಯಂ” ಸಾಲದು. ವಿಷಕಾರಿಯಾದ ಷಡ್ವೇಲೆಂಟ್ ರೂಪ ಎಷ್ಟು, ನಿರುಪದ್ರವಿ ಎನ್ನಬಹುದಾದ ತ್ರಿವೇಲೆಂಟ್ ಎಷ್ಟು ಎಂದು ಬೇರೆಬೇರೆಯಾಗಿ ಕೇಳಿ.

ಜಾಗದ ಹೊರಗಿನ, ಯಾರೂ ಕೆಡಿಸದ ಮಣ್ಣಿನ ಎರಡು ಮೂರು ಮಾದರಿಗಳೂ ಬೇಕೇ ಬೇಕು. ಸೊಲ್ಲಾಪುರದ ಕಡೆಯ ಎರೆಮಣ್ಣು ಕಪ್ಪುಶಿಲೆ ಸವೆದು ಆದದ್ದು. ಅದರಲ್ಲಿ ನಿಕಲ್, ಕ್ರೋಮಿಯಂ, ತಾಮ್ರ ಸಹಜವಾಗಿಯೇ ಹೆಚ್ಚು. ವಿದೇಶಿ ಮಿತಿಯ ಪಟ್ಟಿ ಹಿಡಿದುಕೊಂಡು ಹೋದರೆ ಊರಿಗೆ ಊರೇ ವಿಷವೆಂದು ಕಾಣುತ್ತದೆ.

ಎಷ್ಟು ಶುದ್ಧವಾದರೆ ಸಾಕು ಎಂಬುದು ಬಳಕೆಯ ಮೇಲೆ ನಿಂತಿದೆ. ಕೆನಡಾದ ಪಟ್ಟಿಯಲ್ಲಿ ಮನೆಯಂಗಳಕ್ಕೆ ಸೀಸದ ಮಿತಿ ಕಿಲೋಗೆ 140 ಮಿ.ಗ್ರಾಂ, ಕೈಗಾರಿಕೆ ಜಾಗಕ್ಕೆ 600. ಅಮೆರಿಕದ ಪರಿಸರ ಸಂಸ್ಥೆ ಇಪಿಎ ವಸತಿ ಜಾಗದ ಮಾರ್ಗಸೂಚಿಯನ್ನು 2024 ರಲ್ಲಿ 400ರಿಂದ 200ಕ್ಕೆ ಇಳಿಸಿತು. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆಯ ಪಾದರಸಕ್ಕೆ ಕಿಲೋಗೆ 20 ಮಿ.ಗ್ರಾಂ ಗುರಿ ಇಟ್ಟಾಗ, ಅದು ಸಡಿಲವಾಯಿತು ಎಂಬ ತಕರಾರು ವರ್ಷಗಟ್ಟಲೆ ನಡೆಯಿತು. ಗುರಿಯ ಅಂಕಿಯನ್ನು ಟೆಂಡರಿಗೆ ಮೊದಲೇ ಬರಹದಲ್ಲಿ ಒಪ್ಪಿಕೊಳ್ಳಿ.

ಅಗೆದು ಸಾಗಿಸುವುದು

ಬೇಗ ಮುಗಿಯುತ್ತದೆ, ವಿಷ ಜಾಗದಲ್ಲಿ ಉಳಿಯುವುದಿಲ್ಲ. ಸಣ್ಣ ಜಾಗಕ್ಕೂ ಗಟ್ಟಿ ವಿಷಕ್ಕೂ ಇದಕ್ಕಿಂತ ಒಳ್ಳೆಯದಿಲ್ಲ. ತೊಂದರೆ ಇರುವುದು ಲೆಕ್ಕದಲ್ಲಿ.

ಕಾಲೆಕರೆ ಜಾಗ, ಅಂದರೆ ಸುಮಾರು 1,000 ಚದರ ಮೀಟರ್, ಅರ್ಧ ಮೀಟರ್ ಆಳ ಅಗೆದರೆ 500 ಘನ ಮೀಟರ್ ಮಣ್ಣು ಬರುತ್ತದೆ. ತೂಕ ಸುಮಾರು 850 ಟನ್. ಅಗೆದ ಮೇಲೆ ಅದು ಶೇ. 25–30 ಉಬ್ಬಿಕೊಂಡು 650 ಘನ ಮೀಟರ್ ಆಗುತ್ತದೆ. ಹತ್ತು ಚಕ್ರದ ಟಿಪ್ಪರಿಗೆ 18 ಟನ್ ಎಂದು ಹಿಡಿದರೂ 47 ಲೋಡು ಹೊರಗೆ, ಹೆಚ್ಚುಕಡಿಮೆ ಅಷ್ಟೇ ಲೋಡು ಹೊಸ ಮಣ್ಣು ಒಳಗೆ. ಹೊರಗೆ ಹೋದದ್ದು ಎಲ್ಲಿಗೆ? ಅಪಾಯಕಾರಿ ತ್ಯಾಜ್ಯವೆಂದು ಸಾಬೀತಾದರೆ ಅದು ಅಧಿಕೃತ ನೆಲಭರ್ತಿಗೇ ಹೋಗಬೇಕು. ಕಾಸರಗೋಡಿನಿಂದ ಅಂಥ ನೆಲಭರ್ತಿ ಇರುವ ಕೊಚ್ಚಿಯ ಅಂಬಲಮೇಡಿಗೆ 300 ಕಿ.ಮೀ.ಗೂ ಹೆಚ್ಚು. ಹೊಸೂರಿನಿಂದ ಗುಮ್ಮಿಡಿಪೂಂಡಿಗೂ ಹಾಗೆಯೇ. ಸೊಲ್ಲಾಪುರದಿಂದ ಪುಣೆ ಬಳಿಯ ರಂಜಣಗಾಂವ್ ಸ್ವಲ್ಪ ಹತ್ತಿರ. ಮಂಗಳೂರೋ ಬೆಂಗಳೂರೋ ಸಮೀಪವಾದರೂ ರಾಜ್ಯದ ಗಡಿ ದಾಟಿಸಲು ಎರಡೂ ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಗಳನ್ನು ಒಪ್ಪಿಸಬೇಕು. ಪ್ರತಿ ಲೋಡಿಗೂ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಫಾರಂ 10 (ಸಾಗಣೆ ಪತ್ರ) ಮತ್ತು ವೇಬ್ರಿಡ್ಜಿನ ಚೀಟಿ ಸಿಗದೆ ಬಿಲ್ಲು ಪಾಸು ಮಾಡಬೇಡಿ. ಚೀಟಿ ಇಲ್ಲದ ಲೋಡು ಪಕ್ಕದ ಊರಿನ ಕಲ್ಲುಕೋರೆಯ ಹೊಂಡಕ್ಕೆ ಬಿದ್ದಿರುತ್ತದೆ.

ಹಾಗಾಗಿ ಇಡೀ ಜಾಗ ಅಗೆಯುವುದಕ್ಕಿಂತ, ನಕ್ಷೆಯಲ್ಲಿ ಕೆಂಪಾಗಿ, ಅಂದರೆ ಗುರಿಯ ಅಂಕಿ ಮೀರಿ, ಕಂಡ ಚೌಕಗಳನ್ನಷ್ಟೇ ಅಗೆಯಿರಿ ಎಂಬುದು ನಮ್ಮ ಸಲಹೆ. ಅಗೆದ ಮೇಲೆ ತಳದಿಂದಲೂ ನಾಲ್ಕು ಬದಿಗಳಿಂದಲೂ ಮತ್ತೆ ಮಾದರಿ ತೆಗೆದು, ವರದಿ ಬಂದ ನಂತರವೇ ತುಂಬಿಸಿ. ವರದಿಗೆ ಹತ್ತು ದಿನ ಬೇಕೆಂದು ಗುತ್ತಿಗೆದಾರರು ಗೊಣಗುತ್ತಾರೆ, ಗೊಣಗಲಿ. ಹೊಸ ಮಣ್ಣನ್ನೂ ಪರೀಕ್ಷಿಸಿ. “ಒಳ್ಳೇ ಮಣ್ಣು” ಎಂದು ಬಂದದ್ದು ಇನ್ನೊಂದು ಕಟ್ಟಡ ಕೆಡವಿದ ಜಾಗದ್ದಾಗಿರಬಹುದು.

ಕಾಲವೂ ಮುಖ್ಯ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಜನವರಿಯಿಂದ ಏಪ್ರಿಲ್ ನಡುವೆ ಅಗೆದು ತುಂಬಿಸಿ ಮುಗಿಸದಿದ್ದರೆ ಹೊಂಡ ಕೆರೆಯಾಗುತ್ತದೆ. ಆ ನೀರೂ ವಿಷದ ನೀರೇ, ಪಂಪು ಹಚ್ಚಿ ತೋಡಿಗೆ ಬಿಡುವಂತಿಲ್ಲ.

ಮೇಲಿಂದ ಮುಚ್ಚುವುದು

ವಿಷ ಇದ್ದಲ್ಲೇ ಇರಲಿ, ಮಕ್ಕಳ ಕೈಗೆ ಬಾಯಿಗೆ ಸೇರದಿರಲಿ, ಮಳೆನೀರು ಅದರ ಮೂಲಕ ಇಳಿಯದಿರಲಿ ಎಂಬುದು ಇಲ್ಲಿನ ತರ್ಕ. ಅಗೆತಕ್ಕಿಂತ ಅಗ್ಗ. ಕೆಳಗಿನಿಂದ ಮೇಲಕ್ಕೆ ಪದರಗಳು ಹೀಗೆ: ಸಮತಟ್ಟು ಮಾಡಿದ ನೆಲ, ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಹಾಸು), ಅದರ ಮೇಲೆ ಕಣ್ಣಿಗೆ ರಾಚುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಲೆ, ಮೇಲೆ ಉದ್ಯಾನಕ್ಕಾದರೆ 60 ಸೆಂ.ಮೀ., ಮನೆಯಂಗಳಕ್ಕಾದರೆ 1 ಮೀಟರ್ ಶುದ್ಧ ಮಣ್ಣು. ನೀರನ್ನೂ ತಡೆಯಬೇಕಾದಲ್ಲಿ 1.5 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ, ಅದರ ಮೇಲೆ ನೀರು ಬಸಿಯಲು ಮರಳಿನ ಪದರ, ಒಟ್ಟು ಮೇಲ್ಮೈಗೆ ಶೇ. 2–5 ಇಳಿಜಾರು. ಕಿತ್ತಳೆ ಬಲೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಮುಂದೊಂದು ದಿನ ಅಗೆಯುವವನಿಗೆ “ಇನ್ನು ಕೆಳಗೆ ಹೋಗಬೇಡ” ಎಂದು ಹೇಳುವುದು ಆ ಬಲೆ ಮಾತ್ರ.

ಸೊಲ್ಲಾಪುರದ ಎರೆಮಣ್ಣಿನ ಮೇಲೆ ಇದೇ ನಕ್ಷೆ ಹಾಗೆಯೇ ನಡೆಯುವುದಿಲ್ಲ. ಆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಏಪ್ರಿಲ್–ಮೇನಲ್ಲಿ ಕೈ ಹೋಗುವಷ್ಟು ಅಗಲದ ಬಿರುಕುಗಳು ಒಂದು ಮೀಟರಿಗೂ ಆಳ ಇಳಿದಿರುತ್ತವೆ. ಒದ್ದೆ ಎರೆಮಣ್ಣು ನೀರನ್ನೇ ಬಿಡುವುದಿಲ್ಲ, ಆದ್ದರಿಂದ ನೂಲಿನ ಬಣ್ಣದ ನೀರು ಕೆಳಗೆ ಇಳಿದಿರಲಾರದು ಎಂಬ ವಾದ ಕೇಳಲು ಸರಿಯೆನಿಸುತ್ತದೆ. ಮೊದಲ ಮಳೆಯ ನೀರು ಬಿರುಕಿನಲ್ಲಿ ನೇರ ಧುಮುಕುವುದನ್ನು ಆ ವಾದ ಮರೆತಿರುತ್ತದೆ. ನೆಲ ಏರಿಳಿದಾಗ ಮೇಲೆ ಹಾಸಿದ ಪೇವರ್ ಕಲ್ಲು, ಕಾಂಕ್ರೀಟು ಎದ್ದು ಒಡೆಯುತ್ತವೆ. ಅದಕ್ಕೆ ನಡುವೆ ಉಬ್ಬದ ಅಂಟುಮಣ್ಣಿನ ಪದರ ಬೇಕು. ಎರೆಭೂಮಿಯ ಕಾಲುವೆಗಳಿಗೆ ಹಾಸುವುದೂ ಇದನ್ನೇ. ದಪ್ಪವನ್ನು ಮಣ್ಣಿನ ಉಬ್ಬುವ ಒತ್ತಡದ ಪರೀಕ್ಷೆ ಮಾಡಿಸಿಯೇ ಗೊತ್ತುಮಾಡಬೇಕು. ಅಂಟೇ ಇಲ್ಲದ ಬರೀ ಗರಸು ಸುರಿದರೆ ಅದರಲ್ಲಿ ನೀರು ನಿಂತು ಉಬ್ಬು ಇನ್ನೂ ಹೆಚ್ಚುತ್ತದೆ.

ಕಾಸರಗೋಡಿನಲ್ಲಿ ತೊಂದರೆ ಬೇರೆ. ಮುರಕಲ್ಲಿನ ಕೆಳಗೆ ಮಣ್ಣು ತೊಳೆದುಹೋಗಿ ಕೊಳವೆಗಳಂತೆ ಟೊಳ್ಳಾಗಿರುತ್ತದೆ. ನೀರು ಆ ದಾರಿಗಳಲ್ಲಿ ಅಡ್ಡಡ್ಡ ಹರಿದು ಬಾವಿ, ಸುರಂಗ, ತೋಡುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೇಲೆ ಎಷ್ಟು ಚೆನ್ನಾಗಿ ಮುಚ್ಚಿದರೂ ಗುಡ್ಡದ ಮೇಲ್ಭಾಗದಲ್ಲಿ ಇಂಗಿದ ನೀರು ಬದಿಯಿಂದ ನುಗ್ಗಿ ವಿಷವನ್ನು ತೊಳೆದೊಯ್ಯುತ್ತದೆ. ಇಳಿಜಾರಿನ ಕೆಳಗೆ ಬಾವಿಗಳಿದ್ದರೆ, ಅಂದರೆ ನಮ್ಮಲ್ಲಿ ಬಹುತೇಕ ಎಲ್ಲ ಕಡೆ, ಕರಗುವ ವಿಷಕ್ಕೆ ಬರೀ ಮುಚ್ಚಿಗೆಯನ್ನು ಒಪ್ಪಬೇಡಿ. ಒಪ್ಪಲೇಬೇಕಾದರೆ ಮೇಲ್ಬದಿಯಲ್ಲಿ ಅಡ್ಡಚರಂಡಿ ತೆಗೆದು ನೀರನ್ನು ತಿರುಗಿಸಿ.

ಮದ್ದು ಬೆರೆಸಿ ಕಟ್ಟಿಹಾಕುವುದು

ಲೋಹವನ್ನು ನಾಶಮಾಡಲಾಗದು, ಕರಗದಂತೆ ಮಾಡಬಹುದು. ಸಿಮೆಂಟು ಶೇ. 5–15 ಬೆರೆಸಿದರೆ ಹೆಚ್ಚಿನ ಲೋಹಗಳು ಹಿಡಿದುಕೊಳ್ಳುತ್ತವೆ. ಸೀಸಕ್ಕೆ ರಾಕ್ ಫಾಸ್ಫೇಟ್ ಒಳ್ಳೆಯ ಮದ್ದು. ಜತೆಗೆ ಆರ್ಸೆನಿಕ್ ಇದ್ದರೆ ಮಾತ್ರ ಫಾಸ್ಫೇಟ್ ಹಾಕಬೇಡಿ. ಎರಡೂ ಮಣ್ಣಿನ ಕಬ್ಬಿಣದ ಮೇಲೆ ಒಂದೇ ಜಾಗಕ್ಕೆ ಪೈಪೋಟಿ ನಡೆಸುವುದರಿಂದ, ಫಾಸ್ಫೇಟ್ ಕುಳಿತಲ್ಲಿಂದ ಆರ್ಸೆನಿಕ್ ಎದ್ದು ನೀರಿಗೆ ಸೇರುತ್ತದೆ.

ಪ್ಲೇಟಿಂಗ್ ಜಾಗದ ಷಡ್ವೇಲೆಂಟ್ ಕ್ರೋಮಿಯಂಗೆ ಅಗ್ಗದ ಮದ್ದು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಲೆಕ್ಕದ ಪ್ರಕಾರ 1 ಕಿಲೋ ಕ್ರೋಮಿಯಂಗೆ 16 ಕಿಲೋ ಅನ್ನಭೇದಿ ಬೇಕು. 100 ಟನ್ ಮಣ್ಣಿನಲ್ಲಿ ಕಿಲೋಗೆ 500 ಮಿ.ಗ್ರಾಂ ಇದ್ದರೆ ಒಟ್ಟು 50 ಕಿಲೋ ಕ್ರೋಮಿಯಂ, ಅದಕ್ಕೆ 800 ಕಿಲೋ ಅನ್ನಭೇದಿ. ಗಾಳಿಯ ಆಮ್ಲಜನಕವೂ ಇದನ್ನು ತಿಂದುಹಾಕುವುದರಿಂದ ನಿಜವಾಗಿ ಎರಡು ಮೂರು ಪಟ್ಟು ಹಿಡಿದಿಟ್ಟುಕೊಳ್ಳಿ, ಮೊದಲು 20 ಕಿಲೋ ಮಣ್ಣಿನಲ್ಲಿ ಪ್ರಯೋಗ ಮಾಡಿ ನೋಡಿ. ಹಸಿರಿನ ಹರಳು ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಶಕ್ತಿ ಮುಗಿದಿದೆ, ಅಂಗಡಿಗೆ ವಾಪಸ್ ಮಾಡಿ.

ಇಲ್ಲಿ ಮೂರು ಕಡೆ ಕೆಲಸ ಕೆಡುತ್ತದೆ. ಒಂದು, ಅನ್ನಭೇದಿಗೆ ಮೊದಲೇ ಸುಣ್ಣ ಹಾಕುವುದು: ಕ್ಷಾರದಲ್ಲಿ ಷಡ್ವೇಲೆಂಟ್ ಕ್ರೋಮಿಯಂ ಇನ್ನೂ ಸಲೀಸಾಗಿ ಓಡಾಡುತ್ತದೆ. ಎರಡು, ಸಲ್ಫೇಟ್ ಹಾಕಿದ ಜೇಡಿಮಣ್ಣಿಗೆ ಸುಣ್ಣವನ್ನೋ ಸಿಮೆಂಟನ್ನೋ ಬೆರೆಸುವುದು: ಎಟ್ರಿಂಗೈಟ್ ಎಂಬ ಹರಳು ಬೆಳೆದು, ಮೇಲೆ ಕಟ್ಟಿದ ನೆಲವನ್ನು ತಿಂಗಳುಗಳ ನಂತರ ಎತ್ತಿಹಾಕುತ್ತದೆ. ಮೂರು, ಮುರಮಣ್ಣಿನಲ್ಲಿ (ಮುರಕಲ್ಲಿನ ಮಣ್ಣಿನಲ್ಲಿ) ಇರುವ ಮ್ಯಾಂಗನೀಸ್: ಅದು ತ್ರಿವೇಲೆಂಟ್ ಕ್ರೋಮಿಯಂನ ಒಂದಂಶವನ್ನು ಮತ್ತೆ ಷಡ್ವೇಲೆಂಟ್ ಮಾಡಬಲ್ಲದು. ಹಾಗಾಗಿ 28ನೇ ದಿನ ಪರೀಕ್ಷಿಸಿ ಸಹಿ ಹಾಕಿದರೆ ಸಾಲದು, ಆರು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕು. ವಿಷ ಎಷ್ಟು ಬಸಿಯುತ್ತದೆ ಎಂದು ನೋಡುವ ಟಿಸಿಎಲ್‌ಪಿ ಪರೀಕ್ಷೆಯಲ್ಲಿ ಸೀಸ, ಕ್ರೋಮಿಯಂ ಎರಡಕ್ಕೂ ಲೀಟರಿಗೆ 5 ಮಿ.ಗ್ರಾಂ ಮೀರಬಾರದು. ಆದರೆ ಆ ಮಿತಿ ನೆಲಭರ್ತಿಗೆ ಕಳಿಸುವ ತ್ಯಾಜ್ಯದ್ದು. ಬಾವಿ ಪಕ್ಕದಲ್ಲಿದ್ದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಹೊಸೂರಿನ ಮರಳು ಬೆರೆತ ಕೆಂಪು ಮಣ್ಣಿನಲ್ಲಿ ಮದ್ದು ಸಲೀಸಾಗಿ ಬೆರೆಯುತ್ತದೆ. ಎರೆಮಣ್ಣು ಒದ್ದೆಯಿದ್ದರೆ ಮುದ್ದೆಯಾಗಿ, ಮದ್ದು ಮುದ್ದೆಯ ಹೊರಮೈಗೆ ಮಾತ್ರ ಅಂಟುತ್ತದೆ. ಒಣಗಿಸಿ, ಪುಡಿಮಾಡಿ, ಆಮೇಲೆ ಬೆರೆಸಬೇಕು. ಮಣ್ಣನ್ನು ನೀರಿನಲ್ಲಿ ತೊಳೆಯುವ ವಿಧಾನಕ್ಕೂ ಇದೇ ಮಾತು: ಜೇಡಿಯ ಪಾಲು ಶೇ. 30 ದಾಟಿದರೆ ಮಣ್ಣೆಲ್ಲ ಕೆಸರಾಗಿ, ತೊಳೆದದ್ದಕ್ಕಿಂತ ಕೆಸರೇ ಹೆಚ್ಚಾಗುತ್ತದೆ. ಸೊಲ್ಲಾಪುರದಲ್ಲಿ ಅದನ್ನು ಯೋಚಿಸಲೇಬೇಡಿ.

ಎಣ್ಣೆ ಬಿದ್ದ ಮಣ್ಣಿಗೆ ಸೂಕ್ಷ್ಮಾಣುಗಳ ರಾಶಿ

ಡೀಸೆಲ್ ಸೋರಿದ ಗ್ಯಾರೇಜು, ಬಸ್ ಡಿಪೋಗಳಿಗೆ ಇದೇ ನಮ್ಮ ಮೊದಲ ಆಯ್ಕೆ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಡೀಸೆಲ್ಲನ್ನು ತಿನ್ನುತ್ತವೆ, ಅವಕ್ಕೆ ಬೇಕಾದ ಗಾಳಿ, ನೀರು, ಗೊಬ್ಬರ ನಾವು ಕೊಡಬೇಕು. ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದೂವರೆಯಿಂದ ಎರಡು ಮೀಟರ್ ಎತ್ತರದ ರಾಶಿ, ಸುತ್ತ ಬದು, ಮೇಲೆ ತಾರ್ಪಾಲು. ಇಂಗಾಲ, ಸಾರಜನಕ, ರಂಜಕ 100:10:1 ರ ಅಳತೆಯಲ್ಲಿರಲಿ. 100 ಟನ್ ಮಣ್ಣಿನಲ್ಲಿ ಕಿಲೋಗೆ 5,000 ಮಿ.ಗ್ರಾಂ ಡೀಸೆಲ್ ಇದ್ದರೆ ಸುಮಾರು 90 ಕಿಲೋ ಯೂರಿಯಾ, 60 ಕಿಲೋ ಸೂಪರ್ ಫಾಸ್ಫೇಟ್ ಬೇಕು. ಮೂರು ಕಂತಿನಲ್ಲಿ ಹಾಕಿ. ಒಂದೇ ಸಲ ಸುರಿದರೆ ಉಪ್ಪು ಹೆಚ್ಚಾಗಿ, ಸಾಕಬೇಕಾದ ಜೀವಗಳೇ ಸಾಯುತ್ತವೆ. ಭತ್ತದ ಹುಲ್ಲೋ ತೆಂಗಿನ ನಾರಿನ ಪುಡಿಯೋ ಬೆರೆಸಿದರೆ ಗಾಳಿಯಾಡುತ್ತದೆ. ಎರಡು ವಾರಕ್ಕೊಮ್ಮೆ ಮಗುಚಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಒಸರಬಾರದು.

ಮುರಮಣ್ಣು ಹುಳಿ, ಪಿಎಚ್ 5ರ ಆಸುಪಾಸು. 6.5ಕ್ಕೆ ಬರುವವರೆಗೆ ಸುಣ್ಣ ಕೊಡದೆ ಕೆಲಸ ಶುರುವಾಗದು. ಡೀಸೆಲ್ ಮೂರರಿಂದ ಆರು ತಿಂಗಳಲ್ಲಿ ಇಳಿಯುತ್ತದೆ. ಕಪ್ಪಾದ ಎಂಜಿನ್ ಆಯಿಲಿನ ಭಾರದ ಅಂಶಗಳು ವರ್ಷವಾದರೂ ಉಳಿಯಬಹುದು. ಪೆಟ್ರೋಲಿಗೆ ಈ ರಾಶಿ ಬೇಡ, ಮಗುಚಿದಾಗ ತಿನ್ನುವ ಮೊದಲೇ ಗಾಳಿಗೆ ಹಾರುತ್ತದೆ, ಬೆಂಕಿಯ ಅಪಾಯವೂ ಇದೆ. ಲೋಹಗಳಿಗಂತೂ ಇದರಿಂದ ಏನೂ ಆಗದು. ಬ್ಯಾಟರಿ ಒಡೆದ ಮೂಲೆಯ ಮಣ್ಣನ್ನು ರಾಶಿಗೆ ಸೇರಿಸಿಬಿಟ್ಟರೆ ಒಳ್ಳೇ ಮಣ್ಣಿಗೂ ಸೀಸ ಹಂಚಿದಂತಾಗುತ್ತದೆ.

ಗಿಡ ನೆಟ್ಟು ಶುದ್ಧ ಮಾಡುವುದು

ಕೇಳಲು ಚೆಂದ, ಫೋಟೋಗೂ ಚೆಂದ. ಲೆಕ್ಕ ಮಾಡಿ ನೋಡಿ. ಒಂದು ಹೆಕ್ಟೇರಿನ ಮೇಲಿನ 30 ಸೆಂ.ಮೀ. ಮಣ್ಣು ಸುಮಾರು 3,900 ಟನ್. ಕಿಲೋಗೆ 100 ಮಿ.ಗ್ರಾಂ ಸೀಸ ಇಳಿಸಬೇಕೆಂದರೆ 390 ಕಿಲೋ ಸೀಸ ಹೊರಬರಬೇಕು. ವರ್ಷಕ್ಕೆ 10 ಟನ್ ಒಣ ಸೊಪ್ಪು ಬೆಳೆದು, ಅದರ ಪ್ರತಿ ಕಿಲೋದಲ್ಲಿ 200 ಮಿ.ಗ್ರಾಂ ಸೀಸ ಸೇರಿತೆಂದರೂ ವರ್ಷಕ್ಕೆ 2 ಕಿಲೋ. ಇದು 195 ವರ್ಷದ ಕೆಲಸ. ವೇಗ ಹೆಚ್ಚಿಸಲು ಲೋಹ ಕರಗಿಸುವ ಇಡಿಟಿಎ ಎಂಬ ರಾಸಾಯನಿಕ ಸುರಿದರೆ ಸೀಸ ಗಿಡಕ್ಕಿಂತ ಮೊದಲು ಬಾವಿಗೆ ಇಳಿಯುತ್ತದೆ. ಆರ್ಸೆನಿಕ್ಕಿಗೆ ಟೆರಿಸ್ ವಿಟ್ಟಾಟಾ ಎಂಬ ಜರೀಗಿಡ ನಿಜಕ್ಕೂ ಬಲು ಚುರುಕು, ಅದೂ ಮೇಲಿನ ಪದರಕ್ಕೆ ಮಾತ್ರ. ಕತ್ತರಿಸಿದ ಸೊಪ್ಪು ಅಪಾಯಕಾರಿ ತ್ಯಾಜ್ಯವಾಗುತ್ತದೆ, ಹಟ್ಟಿಗೆ ಹಾಕುವಂತಿಲ್ಲ, ಸುಡುವಂತಿಲ್ಲ. ಲಾವಂಚದ ಉಪಯೋಗವೇ ಬೇರೆ: ಮುಚ್ಚಿದ ಜಾಗದ ಇಳಿಜಾರಿನಲ್ಲಿ ಮಣ್ಣು ಕೊಚ್ಚದಂತೆ ಹಿಡಿಯಲು ಅದು ಬೇಕು.

ಹಳೇ ಕಸದ ಗುಡ್ಡೆಗಳು ಈ ಹೋಲಿಕೆಗೆ ಸೇರುವುದಿಲ್ಲ. ಅವನ್ನು ಜರಡಿ ಹಿಡಿದು ಬೇರ್ಪಡಿಸುವ ಬಯೋಮೈನಿಂಗಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2019ರ ಮಾರ್ಗಸೂಚಿ ಇದೆ. ಜರಡಿಯ ಕೆಳಗೆ ಬಿದ್ದ ನುಣುಪು ಪುಡಿಯನ್ನು “ಗೊಬ್ಬರ” ಎಂದು ತೋಟಕ್ಕೆ ಒಯ್ಯುವ ಮೊದಲು ಲೋಹ, ಉಪ್ಪು ಪರೀಕ್ಷೆ ಮಾಡಿಸಿ, ಅಷ್ಟೇ.

ಯಾವ ಬಳಕೆಗೆ ಯಾವುದು

ಅಂಗನವಾಡಿ, ಆಟದ ಬಯಲಾದರೆ ಕೆಂಪು ಚೌಕಗಳ ಅಗೆತ, ಉಳಿದದ್ದಕ್ಕೆ ಬಲೆಸಹಿತ 60 ಸೆಂ.ಮೀ. ಮುಚ್ಚಿಗೆ. ಮಕ್ಕಳು ದಿನಕ್ಕೆ 100–200 ಮಿ.ಗ್ರಾಂ ಮಣ್ಣು ತಿನ್ನುತ್ತಾರೆಂದೇ ಲೆಕ್ಕ ಹಾಕಲಾಗುತ್ತದೆ, ಇಲ್ಲಿ ಉಳಿತಾಯ ಬೇಡ. ಸಂತೆಕಟ್ಟೆ, ವಾಹನ ನಿಲುಗಡೆಗೆ ಲೋಹ ಕಟ್ಟಿಹಾಕಿ ಮೇಲೆ ಕಾಂಕ್ರೀಟು ಸಾಕು. ಎರೆಮಣ್ಣಾದರೆ ಉಬ್ಬದ ಪದರ ಸಹಿತ. ಪೆಟ್ರೋಲು ಬಿದ್ದ ಜಾಗದಲ್ಲಿ ಮುಚ್ಚಿದ ಕೋಣೆಗಳನ್ನು ಕಟ್ಟಬೇಡಿ, ಆವಿ ನೆಲದ ಬಿರುಕಿನಿಂದ ಒಳಗೆ ಬರುತ್ತದೆ. ತರಕಾರಿ ತೋಟ ಬೇಕೇ ಬೇಕೆಂದರೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ 45 ಸೆಂ.ಮೀ. ಎತ್ತರದ ಮಡಿ ಕಟ್ಟಿ. ಬದನೆ, ಬೆಂಡೆಗಿಂತ ಹರಿವೆ, ಮೂಲಂಗಿಗಳಲ್ಲಿ ಲೋಹ ಹೆಚ್ಚು ಸೇರುತ್ತದೆ.

ಖರ್ಚು ಯಾರದ್ದು ಎಂಬುದಕ್ಕೆ ಈಗ ನಿಯಮವಿದೆ. ಕಲುಷಿತ ಜಾಗಗಳ ನಿರ್ವಹಣೆಗೆಂದು ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಶಂಕಿತ ಜಾಗಗಳ ಪಟ್ಟಿ ಕೊಡುವುದು ಜಿಲ್ಲಾಡಳಿತದ ಕೆಲಸ. ಪ್ರಾಥಮಿಕ ತಪಾಸಣೆಗೆ 90 ದಿನದ ಗಡುವಿದೆ, ಕೆಡಿಸಿದವರೇ ಖರ್ಚು ಕೊಡಬೇಕು. ಅವರು ಸಿಗದಿದ್ದರೆ ಸರ್ಕಾರಗಳ ಹೊಣೆ. ನಗರಸಭೆ ತನ್ನ ಹಣದಲ್ಲಿ ಅಗೆತ ಶುರುಮಾಡುವ ಮೊದಲೇ ಜಾಗವನ್ನು ಆ ಪಟ್ಟಿಗೆ ಸೇರಿಸಲು ಬರೆದುಕೊಡಿ. ಅಗೆದ ಮೇಲೆ ಸಾಕ್ಷ್ಯವೇ ಇರುವುದಿಲ್ಲ. ಕಾಸರಗೋಡಿನವರು ಆ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದೆ.

ಯಾವ ದಾರಿ ಹಿಡಿದರೂ ಕೆಳಬದಿಯ ಎರಡು ಬಾವಿ, ಮೇಲ್ಬದಿಯ ಒಂದು ಬಾವಿಯ ನೀರನ್ನು ಮಳೆಗಾಲದ ಮೊದಲು, ನಂತರ ಎಂದು ವರ್ಷಕ್ಕೆರಡು ಸಲ, ಕನಿಷ್ಠ ಐದು ವರ್ಷ ನೋಡುವ ಹಣವನ್ನು ಅಂದಾಜುಪಟ್ಟಿಯಲ್ಲೇ ಸೇರಿಸಿ. ಮುಚ್ಚಿಗೆ ಹಾಕುವ ದಿನವೇ ನೀರಿನ ಪೈಪು, ಕೇಬಲ್ಲುಗಳಿಗೆ 1 ಮೀಟರ್ ಅಗಲ, 1.2 ಮೀಟರ್ ಆಳದ ಶುದ್ಧ ಮಣ್ಣಿನ ದಾರಿಯೊಂದನ್ನು ಬಿಟ್ಟು, ಅದರ ನಕ್ಷೆಯನ್ನು ನಗರಸಭೆಗೂ ವಿದ್ಯುತ್ ಕಚೇರಿಗೂ ಜಲ ಪ್ರಾಧಿಕಾರಕ್ಕೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಚ್ಚಿಗೆ ಹಾಳಾಗುವುದು ಮಳೆಗಿಂತ ಹೆಚ್ಚಾಗಿ ಪೈಪು ಹಾಕಲು ಬಂದವರಿಂದ.